ಏಳನೇ ನಂಬರಿನ ಎರಡು ಪೊಟ್ಟಣ

ಆ ಭಾನುವಾರ ಬೆಳಿಗ್ಗೆ ಕೊಡಿಗೇಹಳ್ಳಿಯ ನಮ್ಮ ಮನೆಯ ಮಹಡಿಯ ಮೇಲೆ ಮೂವರಿದ್ದೆವು. ಮಹಡಿಯಲ್ಲಿ ಬಾಡಿಗೆಗಿದ್ದ ಮೇಡಂ, ಕಾಫಿ ಕೊಡಲು ಬಂದು ಹಾಗೇ ಕೂತುಬಿಟ್ಟ ನನ್ನ ಹೆಂಡತಿ, ಮತ್ತು ನಾನು. ನನ್ನದೊಂದು ಹಳೇ ಪಂಚೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಇಪ್ಪತ್ತೆಂಟು ಕಾಗದದ ಪೊಟ್ಟಣಗಳನ್ನು ಹರಡಿದ್ದೆವು. ಹಿಂದಿನ ದಿನ ಮೇಡಂ ಮತ್ತು ನಾನು ಚಿಕ್ಕಮಗಳೂರಿನ ಆಚೆಯ ಬೆಟ್ಟದ ಕಾಡಿಗೆ ಹೋಗಿ ಮರಗಳ ಮೇಲಿಂದ ಬಿಡಿಸಿ ತಂದ ಕಲ್ಲುಹೂವು ಅವುಗಳೊಳಗಿತ್ತು.

ಕಲ್ಲುಹೂವು ಅನ್ನುವುದು ಅಡುಗೆಮನೆಯ ಹೆಸರು. ಪಲಾವಿನ ಮಸಾಲೆಗೆ ಹಾಕುತ್ತೇವಲ್ಲ, ಒಣಗಿದ ಕಪ್ಪು ಚಕ್ಕೆಯಂಥದ್ದು, ಅದೇ. ಶಾಸ್ತ್ರ ಓದಿದವರು ಲೈಕೆನ್ ಅನ್ನುತ್ತಾರೆ. ಅದರಲ್ಲಿ ನೂರಾರು ಜಾತಿ. ಮಸಾಲೆಗೆ ಬರುವುದು ಒಂದೋ ಎರಡೋ. ಮಿಕ್ಕಿದ್ದೆಲ್ಲ ಯಾರ ಗೊಡವೆಯೂ ಇಲ್ಲದೆ ತೊಗಟೆಯ ಮೇಲೆ ಕೂತಿರುತ್ತವೆ, ಬೂದಿ ಎರಚಿದ ಹಾಗೆ, ಸುಣ್ಣದ ಕಲೆಯ ಹಾಗೆ, ಹರಿದ ಕಸೂತಿಯ ಹಾಗೆ.

ಮೇಡಂ ಒಂದು ಪೊಟ್ಟಣ ಎತ್ತಿ ಮೇಲಿನ ಬರಹ ಓದಿದರು. ಕೆಳಗಿಟ್ಟು ಇನ್ನೊಂದು ಎತ್ತಿದರು. ಮೂರನೆಯದನ್ನು ಓದಿದ ಮೇಲೆ ಕನ್ನಡಕವನ್ನು ಹಣೆಗೇರಿಸಿ ನನ್ನ ಕಡೆ ನೋಡಿದರು.

“ಅಣ್ಣಾ, ಇಷ್ಟನ್ನೂ ನಾವು ಯಲಹಂಕದಲ್ಲಿ ಕಿತ್ತಿದ್ದಾ?”

ಇಪ್ಪತ್ತೆಂಟು ಪೊಟ್ಟಣದ ಮೇಲೂ ದಪ್ಪ ಮಾರ್ಕರಿನಲ್ಲಿ, ದುಂಡಗೆ, ಸ್ಥಳ ಎಂದಿದ್ದ ಕಡೆ ಯಲಹಂಕ ಎಂದು ಬರೆದಿತ್ತು. ಬರೆದವನು ನಾನೇ.

ಇದು ಹೇಗಾಯಿತು ಅಂತ ಹೇಳಿಬಿಡುತ್ತೇನೆ. ಯಶವಂತಪುರದ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಮೂವತ್ತು ವರ್ಷ ಬುಕಿಂಗ್ ಗುಮಾಸ್ತನಾಗಿದ್ದವನು ನಾನು. ಗೋಣಿಚೀಲ, ರಟ್ಟಿನ ಡಬ್ಬ, ಮರದ ಪೆಟ್ಟಿಗೆ, ಏನೇ ಬರಲಿ, ಅದರ ಮೇಲೆ ಊರು ಬರೆಯುವುದು ನನ್ನ ಕೆಲಸ. ಅಲ್ಲಿ ಊರು ಅಂದರೆ ಸಾಮಾನು ಹೋಗಬೇಕಾದ ಊರು. ಎಲ್ಲಿಂದ ಬಂತು ಅನ್ನುವುದನ್ನು ಯಾರೂ ಕೇಳುವುದಿಲ್ಲ. ಅದು ನಮ್ಮ ಗೋದಾಮಿನಲ್ಲೇ ಬಿದ್ದಿರುತ್ತದಲ್ಲ. ಮೇಡಂ ಪಾಠ ಹೇಳುತ್ತಿದ್ದ ಕಾಲೇಜು ಯಲಹಂಕದಲ್ಲಿತ್ತು, ಪೊಟ್ಟಣಗಳು ಕೊನೆಗೆ ಸೇರುವುದು ಅಲ್ಲಿನ ಬೀರುವಿಗೆ. ಕಾಡಿನಲ್ಲಿ ತುಂತುರು ಬೀಳುತ್ತಿತ್ತು, ಕಾಲಿಗೆ ಇಂಬಳ ಹತ್ತಿ ರಕ್ತ ಹೀರುತ್ತಿತ್ತು, ಮೇಡಂ ಬಿಡಿಸಿ ಬಿಡಿಸಿ ಕೊಡುತ್ತಿದ್ದರು, ನನ್ನ ಕೈ ತನಗೆ ಗೊತ್ತಿದ್ದುದನ್ನು ಬರೆಯುತ್ತಾ ಹೋಯಿತು.

ಇದನ್ನು ಕೇಳಿ ಮೇಡಂ ನಗಲಿಕ್ಕೆ ಶುರು ಮಾಡಿದರು. ನನ್ನ ಹೆಂಡತಿ ಮಾತ್ರ ನಗದೆ, “ಸದ್ಯ, ಡೋರ್ ಡೆಲಿವರಿ ಅಂತ ಬರೀಲಿಲ್ವಲ್ಲ” ಅಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ಆ ದಿನ ನಾವು ಎರಡು ಕಾಡು ನೋಡಿದ್ದೆವು. ಬೆಳಿಗ್ಗೆ ಕಾಫಿ ತೋಟಗಳ ಅಂಚಿನಲ್ಲಿ ರಸ್ತೆಗೆ ತಾಗಿದ ಕೆಳಗಿನ ಕಾಡು. ಮಧ್ಯಾಹ್ನ ಒಂದು ತಾಸು ಹತ್ತಿದ ಮೇಲೆ, ಎರಡು ಗುಡ್ಡಗಳ ಸಂದಿಯಲ್ಲಿ ಸುತ್ತಲೂ ಬರೀ ಹುಲ್ಲಿನ ನಡುವೆ ಅವಿತುಕೊಂಡಿದ್ದ ಮೇಲಿನ ಕಾಡು. ನಮ್ಮ ಆಫೀಸಿನಲ್ಲಿ ಲಾರಿ ಬದಲಾದರೆ ನಂಬರು ಮತ್ತೆ ಒಂದರಿಂದ ಶುರು. ಅಲ್ಲೂ ಹಾಗೇ ಮಾಡಿದ್ದೆ. ಕೆಳಗೆ ಒಂದರಿಂದ ಹದಿನಾಲ್ಕು, ಮೇಲೆ ಮತ್ತೆ ಒಂದರಿಂದ ಹದಿನಾಲ್ಕು. ಮಳೆಗೆ ಹೆದರಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಶನಿವಾರದ ಬಸ್ಸಿಗೇ ಹೊರಟುಬಂದಿದ್ದೆವು. ಪ್ರತಿ ನಂಬರಿಗೂ ಈಗ ಎರಡೆರಡು ಪೊಟ್ಟಣ.

ಪುಣ್ಯಕ್ಕೆ ಮರದ ಹೆಸರನ್ನು ಸರಿಯಾಗಿ ಬರೆದಿದ್ದೆ. ಸಿಲ್ವರ್ ಓಕ್, ಹಲಸು ಇದ್ದದ್ದು ಕೆಳಗೆ ಮಾತ್ರ. ಮೇಲಿನ ಮರಗಳೇ ಬೇರೆ. ಹೀಗೆ ವಿಂಗಡಿಸುತ್ತಾ ಹೋಗಿ ಹನ್ನೆರಡು ಗಂಟೆಯ ಹೊತ್ತಿಗೆ ಇಪ್ಪತ್ತಾರಕ್ಕೂ ಜಾಗ ಸಿಕ್ಕಿತು. ಉಳಿದದ್ದು ಎರಡು, ಎರಡೂ ಏಳನೇ ನಂಬರು. ಎರಡರ ಮೇಲೂ ಮರ: ನೇರಳೆ. ನೇರಳೆಯ ಜಾತಿ ಕೆಳಗೂ ಇತ್ತು, ಮೇಲೂ ಇತ್ತು. ಹೋಗಲಿ ಬಿಡಿ, ನೋಡೋಣ, ಅಂತ ಮೇಡಂ ಅವೆರಡನ್ನು ಪಕ್ಕಕ್ಕಿಟ್ಟರು. ನಾನು ಬದುಕಿದೆ ಅಂದುಕೊಂಡೆ.

ಮೇಡಂ ಬಗ್ಗೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಅವರು ನಮ್ಮಲ್ಲಿಗೆ ಬಂದದ್ದು ನಾನು ಕೆಲಸ ಬಿಟ್ಟ ವರ್ಷ. ಆಗ ಹೆಬ್ಬಾಳದಿಂದ ಏರ್‌ಪೋರ್ಟಿಗೆ ಮೇಲ್ಸೇತುವೆ ಕಟ್ಟಲು ರಸ್ತೆ ಅಗೆದಿದ್ದರು, ಮನೆಯೊಳಗೆಲ್ಲ ಕೆಂಪು ಧೂಳು. ಐವತ್ತು ದಾಟಿದ ಹೆಂಗಸು, ಒಬ್ಬರೇ, ಸಾಮಾನಿಗಿಂತ ಹೆಚ್ಚು ರಟ್ಟಿನ ಡಬ್ಬ. ಡಬ್ಬ ಇಳಿಸಲು ಹೋದ ನಾನು, ಇಷ್ಟು ಹಗುರ ಇದೆಯಲ್ಲ, ಏನಿದೆ ಒಳಗೆ ಅಂತ ಕೇಳಿದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂದು ಪೊಟ್ಟಣ ಬಿಚ್ಚಿ, ಕಣ್ಣಿಗೆ ಒತ್ತಿಕೊಂಡು ನೋಡುವ ಪುಟ್ಟ ಭೂತಗನ್ನಡಿಯನ್ನು ನನ್ನ ಕೈಗಿತ್ತರು. ಬೂದು ಚಕ್ಕೆ ಅಂದುಕೊಂಡದ್ದರಲ್ಲಿ ನೂರು ಪುಟ್ಟ ಬಟ್ಟಲುಗಳಿದ್ದವು, ಒಂದೊಂದರ ಅಂಚೂ ಬೆಳ್ಳಗೆ, ಒಳಗೆ ಕಂದು. ಅಕ್ಕಸಾಲಿಗರ ಅಂಗಡಿಯಲ್ಲೂ ಅಷ್ಟು ನಾಜೂಕಿನ ಕೆಲಸ ನಾನು ನೋಡಿರಲಿಲ್ಲ.

ಅಲ್ಲಿಂದ ಶುರುವಾಯಿತು. ಅವರಿಗೆ ಪೊಟ್ಟಣ ಕಟ್ಟುವವರು ಬೇಕಿತ್ತು. ಕಾಗದ ಮಡಚಿ ಗೋಂದಿಲ್ಲದೆ ಪೊಟ್ಟಣ ಕಟ್ಟುವುದನ್ನು ನಾನು ನಮ್ಮಜ್ಜನ ಕಿರಾಣಿ ಅಂಗಡಿಯಲ್ಲಿ ಕಲಿತಿದ್ದೆ. ಒಂದು ಶಿಲೀಂಧ್ರ, ಒಂದು ಪಾಚಿ, ಎರಡು ಜೀವ ಸೇರಿ ಒಂದಾಗಿ ಬಾಳುವುದೇ ಲೈಕೆನ್ ಅಂತ ಅವರು ನಮಗೆ ವಿವರಿಸಿದ ದಿನ ಚೆನ್ನಾಗಿ ನೆನಪಿದೆ. ಶಿಲೀಂಧ್ರ ಮನೆ ಕಟ್ಟುತ್ತದಂತೆ, ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದಂತೆ. ನನ್ನ ಹೆಂಡತಿ ಕೂಡಲೇ, “ಅಡುಗೆ ಸರಿ ಮೇಡಂ, ನಾನೇ ಮಾಡ್ತೀನಿ. ಮನೆ ಕಟ್ಟಿದ್ದು ಮಾತ್ರ ಇವ್ರಲ್ಲ, ನಮ್ಮಾವ” ಅಂದಳು.

ವಿದ್ಯಾರಣ್ಯಪುರದ ಕಡೆ ಸಂಜೆ ವಾಕಿಂಗ್ ಹೋದರೂ ಮೇಡಂ ಮರ ಕಂಡಲ್ಲಿ ನಿಲ್ಲುತ್ತಿದ್ದರು. ಹೊಗೆ ಇರುವ ಕಡೆ ಲೈಕೆನ್ ನಿಲ್ಲುವುದಿಲ್ಲ. ಹೆಬ್ಬಾಳದ ರಸ್ತೆ ಬದಿಯ ಮರಗಳು ಬೋಳು, ಯಲಹಂಕದ ಹಿಂದಿನ ಹಳೇ ಮಾವಿನ ತೋಪಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು, ಬೆಟ್ಟ ಹತ್ತಿದರೆ ಹಬ್ಬ. ಬೆಟ್ಟದಲ್ಲಿ ಅವರ ಕೆಲಸ ನೋಡಬೇಕು. ಒಣಗಿದ್ದನ್ನು ಮುಟ್ಟಿದರೆ ಪುಡಿಯಾಗುತ್ತದೆ ಅಂತ ಮೊದಲು ನೀರು ಚಿಮುಕಿಸುವರು. ಅದು ನೆನೆದು ಮೆತ್ತಗಾಗುವ ತನಕ ಸುಮ್ಮನೆ ಕಾಯುವರು, ಕೂಸು ಏಳಲಿ ಅಂತ ಕಾಯುವ ಹಾಗೆ. ಆಮೇಲೆ ಚಾಕು. ಎಷ್ಟೇ ಅಪರೂಪದ್ದಾಗಲಿ ಹೆಬ್ಬೆರಳ ಉಗುರಿನಷ್ಟೇ ತೆಗೆದು ಮಿಕ್ಕಿದ್ದನ್ನು ಮರಕ್ಕೇ ಬಿಡುವರು. ರೂಪಾಯಿ ಅಗಲ ಆಗುವುದಕ್ಕೆ ಇದಕ್ಕೆ ಎಷ್ಟೋ ವರ್ಷ ಬೇಕು ಅಣ್ಣಾ, ಅನ್ನುವರು.

ಅವರು ಪಿಎಚ್‌ಡಿಗೆ ಹೆಸರು ಬರೆಸಿ ಬಹಳ ವರ್ಷವಾಗಿತ್ತು. ಕಾಲೇಜಿನ ಪಾಠ, ಪರೀಕ್ಷೆ, ತಾಯಿಯ ಕಾಯಿಲೆ, ಎಲ್ಲದರ ನಡುವೆ ಎಳೆದುಕೊಂಡು ಬಂದು ಆ ವರ್ಷ ಪ್ರಬಂಧ ಒಪ್ಪಿಸುವ ಕೊನೆಯ ಗಡುವು ಬಂದಿತ್ತು. ಡಿಗ್ರಿ ಬಂದೇ ಬರುತ್ತದೆ, ಅಷ್ಟು ಕೆಲಸ ಆಗಿದೆ ಅನ್ನುತ್ತಿದ್ದರು. ಒಂದು ಸಲ ಮಾತ್ರ, ಬಟ್ಟೆ ಒಣಹಾಕುತ್ತಾ, ನನ್ನ ಹೆಂಡತಿಯ ಹತ್ತಿರ ಮನಸ್ಸು ಬಿಚ್ಚಿದ್ದರು: ಇಷ್ಟು ವರ್ಷ ಬೇರೆಯವರು ಕಂಡದ್ದನ್ನೇ ಮತ್ತೆ ಕಂಡೆ ಅತ್ತಿಗೆ, ಒಂದೇ ಒಂದನ್ನು ನಾನು ಮೊದಲು ಕಾಣಬೇಕು ಅಂತ ಆಸೆ.

ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ಗುರುತು ಹಿಡಿಯಲಿಕ್ಕೆ ಮೂರು ವಾರ ಹಿಡಿಯಿತು. ಗುರುತು ಹಿಡಿಯುವುದು ಅಂದರೆ ನಮ್ಮ ಹಿರಿಯರು ಹೊಸಬರನ್ನು ಜಗಲಿಯ ಮೇಲೆ ಕೂರಿಸಿ ವಿಚಾರಿಸುವ ಹಾಗೆ. ಯಾವ ಕಡೆಯೋರು, ಯಾರ ಪೈಕಿ, ಸೋದರಮಾವ ಯಾರು. ಪುಸ್ತಕವೂ ಹಾಗೇ ಕೇಳುತ್ತದೆ. ಬಟ್ಟಲಿದೆಯೇ? ಇದ್ದರೆ ಈ ಪುಟ, ಇಲ್ಲದಿದ್ದರೆ ಆ ಪುಟ. ಅಡಿಯಲ್ಲಿ ಕಪ್ಪೇ? ಕೂದಲಿನಂಥ ಬೇರುಂಟೇ? ಕೊನೆಗೆ ಔಷಧಿಯ ಪರೀಕ್ಷೆ. ಚಕ್ಕೆಯ ತುದಿಗೆ ಕ್ಷಾರದ ನೀರನ್ನು ಒಂದೇ ಒಂದು ಹನಿ ಮುಟ್ಟಿಸಿದರೆ ಕೆಲವು ಸುಮ್ಮನಿರುತ್ತವೆ, ಕೆಲವು ಹಳದಿಯಾಗಿ, ನೋಡನೋಡುತ್ತಾ ರಕ್ತಗೆಂಪಾಗುತ್ತವೆ. ಅದನ್ನು ಮೊದಲ ಸಲ ನೋಡಿದ ನನ್ನ ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ. ಅರಿಸಿನಕ್ಕೆ ಸುಣ್ಣ ಕದಡಿ ಆರತಿ ನೀರು ಮಾಡಲ್ವಾ, ಅದೇ ತಾನೇ, ಅಂದಳು. ಮೇಡಂ ತಮ್ಮ ವಿದ್ಯಾರ್ಥಿಗಳಿಗೆ ಅಲ್ಲಿಂದ ಮುಂದೆ ಹಾಗೇ ಹೇಳಿಕೊಟ್ಟರಂತೆ.

ಎರಡು ಏಳನೇ ನಂಬರುಗಳಲ್ಲಿ ಒಂದು ಎಲ್ಲ ಬೆಟ್ಟದಲ್ಲೂ ಸಿಗುವ ಮಾಮೂಲಿ ಜಾತಿ. ಇನ್ನೊಂದು ಯಾವ ಪುಟಕ್ಕೂ ಕೂರಲಿಲ್ಲ. ಬೂದುಬಣ್ಣದ ಪುಟ್ಟ ಚಕ್ಕೆ, ಅಂಚಿಗೆ ರೆಪ್ಪೆಗೂದಲು, ಹರಿದು ನೋಡಿದರೆ ಒಳಗೆ ತೆಳು ಹಳದಿ. ಮೇಡಂ ಪುಸ್ತಕದ ಮೊದಲಿನಿಂದ ನಾಲ್ಕು ಸಲ ಹೋದರು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಬಟ್ಟಲನ್ನು ಕೂದಲೆಳೆಯಷ್ಟು ತೆಳ್ಳಗೆ ಕೊಯ್ದು ಬೀಜಕಣ ಅಳೆದರು. ಕೊನೆಗೆ ಚಿತ್ರ ತೆಗೆದು, ಅಳತೆ ಬರೆದು, ಉತ್ತರ ಭಾರತದಲ್ಲಿದ್ದ ಒಬ್ಬ ಹಿರಿಯ ವಿಜ್ಞಾನಿಗೆ ಕಳಿಸಿದರು.

ಉತ್ತರ ಹತ್ತು ದಿನಕ್ಕೆ ಬಂತು. ಮೇಡಂ ಅದನ್ನು ಓದುತ್ತಾ ಓದುತ್ತಾ ಮಹಡಿಯಿಂದ ಇಳಿದು ನಮ್ಮ ಅಡುಗೆಮನೆಗೇ ಬಂದರು. ಹೊಸ ಜಾತಿ ಅಲ್ಲವಂತೆ. ಹಿಮಾಲಯದ ಪೂರ್ವದ ತುದಿಯಲ್ಲಿ ಮಾತ್ರ ಕಂಡದ್ದು, ದಕ್ಷಿಣದಲ್ಲಿ ಇಲ್ಲಿಯ ತನಕ ಯಾರೂ ಕಂಡಿಲ್ಲ. ನಿಮ್ಮ ಬೆಟ್ಟದಲ್ಲಿ ಸಿಕ್ಕಿದ್ದು ನಿಜವಾದರೆ ಅದೇ ದೊಡ್ಡ ಸುದ್ದಿ, ಯಾವ ಬೆಟ್ಟ, ಯಾವ ಕಾಡು, ಎಷ್ಟು ಎತ್ತರ, ಖಚಿತವಾಗಿ ಬರೆದು ಕಳಿಸಿ ಅಂತಿತ್ತು. ರಸ್ತೆ ಬದಿಯಾದರೆ ತೋಟಕ್ಕೆ ತಂದ ಸಸಿಯ ಜೊತೆ ಹೊರಗಿನಿಂದ ಬಂದಿರಬಹುದೇ ಎಂದು ನೋಡಬೇಕು, ಒಳಕಾಡಾದರೆ ಆ ಅನುಮಾನವಿಲ್ಲ, ಅಂತಲೂ ಬರೆದಿದ್ದರು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅವರು ಇಷ್ಟು ವರ್ಷ ಕಾದದ್ದು ಕೈಗೆ ಬಂದಿತ್ತು, ಮತ್ತು ಅದರ ಮೇಲೆ ಯಲಹಂಕ ಅಂತ ಬರೆದಿತ್ತು.

ಮೇಡಂ ಬಯ್ಯಲಿಲ್ಲ. ಕುರ್ಚಿ ಎಳೆದು ನನ್ನೆದುರು ಕೂತರು. ಆ ಮಳೆಯಲ್ಲಿ ಯಾವುದನ್ನು ಎಲ್ಲಿ ಬಿಡಿಸಿದ್ದು ಅಂತ ಅವರಿಗೂ ನೆನಪಿರಲಿಲ್ಲ. ಈ ಚಕ್ಕೆಯನ್ನು ಕೈಗೆ ತೆಗೆದುಕೊಂಡ ನೆನಪಿದೆಯೇ ಅಂತ ಕೇಳಿದರು. ಇದೆ ಅಂದೆ. ಮೇಲಿನ ಕಾಡಿನಲ್ಲಿ ಬಾಗಿದ ನೇರಳೆ ಮರ, ಅದರ ಬುಡದಲ್ಲಿ ಕಲ್ಲು, ಮೇಡಂ ಕಲ್ಲಿನ ಮೇಲೆ ನಿಂತು ಕೊಟ್ಟರು, ನಾನು ಬರೆದೆ. ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು.

“ಗೊತ್ತಾ ಅಣ್ಣಾ, ಇಲ್ಲಾ ಬರೀ ಅನ್ಸುತ್ತಾ?”

ಲಾರಿ ಆಫೀಸಿನಲ್ಲಿ ಮೂಟೆಯ ಮೇಲಿನ ಬರಹ ಅಳಿಸಿಹೋದಾಗ ಹಮಾಲಿಯನ್ನು ಕೇಳುತ್ತಿದ್ದೆವು. ಅವನು ಒಂದು ಸಲ ನೋಡಿ, ಇದು ದಾವಣಗೆರೆದೇ ಸಾರ್, ಅನ್ನುತ್ತಿದ್ದ. ಹತ್ತಿಸುತ್ತಿದ್ದೆವು. ಹೆಚ್ಚಿನ ಸಲ ಸರಿಯೇ ಇರುತ್ತಿತ್ತು. ಗೊತ್ತು ಅಂತ ಒಂದು ಮಾತು ಹೇಳಿದ್ದರೆ ಮೇಡಂ ಬರೆದುಕೊಳ್ಳುತ್ತಿದ್ದರು, ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು. ಮೇಲಿನ ಕಾಡು ಅಂದರೆ ಅವರಿಗೂ ಒಳ್ಳೆಯದೇ. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಲೆಯ ಕಡೆ ಮುಖ ಮಾಡಿದ್ದ ನನ್ನ ಹೆಂಡತಿ, ತಿರುಗಿಯೂ ನೋಡದೆ ಅಂದಳು: “ಇಂಗೇ ಅಲ್ವಾ ನೀವು, ಗೇಟಿಗೆ ಬೀಗ ಹಾಕಿದ್ದೀನಿ ಗೊತ್ತು ಅಂತ ಯಾವಾಗ್ಲೂ ಅನ್ನೋದು.”

“ಅನ್ಸುತ್ತೆ” ಅಂದೆ.

ಮೇಡಂ ಪೊಟ್ಟಣ ತೆಗೆದುಕೊಂಡು, ಯಲಹಂಕ ಅನ್ನುವುದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ಸಣ್ಣಕ್ಷರದಲ್ಲಿ ‘ಸ್ಥಳ ತಿಳಿಯದು’ ಅಂತ ಬರೆದರು. ಆಮೇಲೆ ಒಂದು ಲೋಟ ಕಾಫಿ ಕೊಡಿ ಅತ್ತಿಗೆ, ಅಂದರು. ನಾನು ಎಷ್ಟೋ ದೊಡ್ಡವರನ್ನು ನೋಡಿದ್ದೇನೆ, ನಮ್ಮ ಯಜಮಾನರುಗಳ ಪೈಕಿ ಲಕ್ಷಾಂತರ ಕಳೆದುಕೊಂಡು ಎಲೆಯಡಿಕೆ ಹಾಕಿಕೊಂಡು ಕೂತವರನ್ನೂ ನೋಡಿದ್ದೇನೆ. ಆ ಎರಡು ಪದ ಬರೆಯುವ ಗಟ್ಟಿತನ ಬೇರೆ ಯಾರಲ್ಲೂ ಕಂಡಿಲ್ಲ. ಯಾರೂ ನೋಡುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ನೇರಳೆ ಮರ ಬಂದು ಸಾಕ್ಷಿ ಹೇಳುತ್ತಿತ್ತೇ?

ಅರಣ್ಯ ಇಲಾಖೆ ಕೊಟ್ಟಿದ್ದ ಅನುಮತಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಉಳಿದದ್ದು ಒಂದೇ ಶನಿವಾರ ಭಾನುವಾರ. ಈ ಸಲ ನನ್ನ ಹೆಂಡತಿಯೂ ಹೊರಟಳು. ನೀವು ಇವ್ರನ್ನ ನಂಬ್ಕೊಂಡ್ರೆ ಬೆಟ್ಟಕ್ಕೆ ಮೆಜೆಸ್ಟಿಕ್ ಅಂತ ಬರೀತಾರೆ, ಅಂತ ಮೇಡಂಗೆ ಹೇಳಿ, ಚಪಾತಿ ಚಟ್ನಿಪುಡಿ ಕಟ್ಟಿಕೊಂಡಳು.

ಶನಿವಾರ ಬೆಳಿಗ್ಗೆ ನೇರವಾಗಿ ಮೇಲಿನ ಕಾಡಿಗೆ ಹತ್ತಿದೆವು, ನನ್ನ ಅನಿಸಿಕೆಯ ಮೇಲೆ. ಕಾಡಿನ ವಾಚರ್ ಮುಂದೆ, ನಾವು ಹಿಂದೆ. ಬಾಗಿದ ನೇರಳೆ ಸಿಕ್ಕಿತು, ಬುಡದ ಕಲ್ಲೂ ಸಿಕ್ಕಿತು, ನಾನು ನೆನಪಿಟ್ಟ ಹಾಗೇ. ತೊಗಟೆಯ ಮೇಲೆ ಚಾಕು ಹೋದ ಗುರುತೂ ಇತ್ತು. ನನಗೆ ಜೀವ ಬಂದಂತಾಯಿತು. ಮೇಡಂ ಕಲ್ಲು ಹತ್ತಿ, ಗುರುತಿನ ಸುತ್ತ ಉಳಿದಿದ್ದ ಚಕ್ಕೆಗೆ ನೀರು ಚಿಮುಕಿಸಿ, ಭೂತಗನ್ನಡಿ ಒತ್ತಿ ನೋಡಿದರು. ತುಂಬ ಹೊತ್ತು ನೋಡಿದರು. ಇದು ಮಾಮೂಲಿಯದು, ಅಂದರು. ಅಂದರೆ ಕಲ್ಲು, ಬಾಗಿದ ಮರ, ಎಲ್ಲ ನಿಜವೇ. ನನ್ನ ತಲೆ ಅದನ್ನು ತಂದು ಬೇರೆ ಪೊಟ್ಟಣಕ್ಕೆ ಅಂಟಿಸಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮಜ್ಜ ಹೇಳುತ್ತಿದ್ದ ಮಾತನ್ನು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಹಾಗಾದರೆ ಇನ್ನೊಂದು ಕೆಳಗಿನದೇ ಇರಬೇಕಲ್ಲ ಅಂತ ನಾನು ಹೇಳಿದೆ. ಇರಬೇಕು ಅಂದರೆ ಸಾಲದು, ಕಾಣಬೇಕು ಅಂದರು ಮೇಡಂ. ಭಾನುವಾರ ಬೆಳಿಗ್ಗೆಯಿಂದ ರಸ್ತೆಯ ಉದ್ದಕ್ಕೂ ಒಂದೊಂದು ನೇರಳೆ ಮರವನ್ನೂ ಸುತ್ತಿದೆವು. ಮೇಡಂ ಕಣ್ಣೆತ್ತರದಲ್ಲಿ ನೋಡುವರು, ನಾನು ಸೊಂಟದೆತ್ತರದಲ್ಲಿ, ನನ್ನ ಹೆಂಡತಿ ಅಕ್ಕಿ ಆರಿಸುವ ಹಾಗೆ ಬುಡದಿಂದ. ಎರಡು ಗಂಟೆಗೆ ಚಪಾತಿ ಸುತ್ತಿಕೊಂಡು ನಡೆಯುತ್ತಲೇ ತಿಂದೆವು. ನಾಲ್ಕು ಗಂಟೆಗೆ ಬಸ್ಸು.

ಮೂರು ದಾಟಿದ ಮೇಲೆ, ತಿರುವಿನಲ್ಲಿ ಚರಂಡಿಗೆ ವಾಲಿಕೊಂಡಿದ್ದ ಒಂದು ಸಾಧಾರಣ ನೇರಳೆಯ ಹಿಂಬದಿಯಿಂದ ನನ್ನ ಹೆಂಡತಿ, ಮೇಡಂ, ಇಲ್ಲಿ ಯಾರೋ ಕೆರೆದವ್ರೆ ನೋಡಿ, ಅಂದಳು. ರಸ್ತೆಗೆ ಕಾಣದ ಕಡೆ, ಮೊಣಕಾಲೆತ್ತರದಲ್ಲಿ, ಉಗುರಿನಷ್ಟು ಜಾಗದಲ್ಲಿ ತೊಗಟೆಯ ಬಣ್ಣ ಇನ್ನೂ ತಿಳಿಯಾಗಿತ್ತು. ಸುತ್ತ ಬೂದುಬಣ್ಣ, ಅಂಚಿಗೆ ರೆಪ್ಪೆಗೂದಲು. ಮೇಡಂ ಕೆಸರಿನಲ್ಲೇ ಮಂಡಿಯೂರಿದರು. ಮನೆಯಿಂದ ತಂದಿದ್ದ ಆ ಚಕ್ಕೆಯನ್ನು ಪೊಟ್ಟಣದಿಂದ ಇಕ್ಕಳದಲ್ಲಿ ಎತ್ತಿ ಗಾಯದ ಪಕ್ಕ ಹಿಡಿದರು. ಅದರ ಒಂದು ಅಂಚು ಕೊಕ್ಕೆಯ ಹಾಗಿತ್ತು. ಮರದ ಮೇಲೆ ಉಳಿದದ್ದರಲ್ಲಿ ಆ ಕೊಕ್ಕೆ ಕೂರುವ ಸಂದು ಇತ್ತು.

ಅವರು ತಿರುಗಿದಾಗ ಕಣ್ಣು ತುಂಬಿತ್ತು. “ಈಗ ಬರೀರಿ ಅಣ್ಣಾ” ಅಂದರು. ಬಸ್ಸು ಬರುವ ತನಕ ನಾನು ಆ ಪೊಟ್ಟಣದ ಮೇಲೆ ಬರೆದೆ: ಬೆಟ್ಟದ ಹೆಸರು, ಕೆಳಗಿನ ಕಾಡು, ಮೈಲಿಕಲ್ಲಿನಿಂದ ಎಷ್ಟು ಹೆಜ್ಜೆ, ರಸ್ತೆಯ ಯಾವ ಬದಿ, ನೆಲದಿಂದ ಎಷ್ಟು ಎತ್ತರ, ಮರದ ಯಾವ ಮಗ್ಗುಲು. ಹೆಜ್ಜೆಗಳನ್ನು ಎರಡು ಸಲ ಎಣಿಸಿದೆ. ಇಷ್ಟು ಬರೆಯುವುದಕ್ಕೆ ಪೊಟ್ಟಣದ ಎರಡು ಮೈಯೂ ಬೇಕಾಯಿತು.

ರಸ್ತೆ ಬದಿ ಅನ್ನುವ ಕಾರಣಕ್ಕೆ ಹೊರಗಿನಿಂದ ಬಂದಿರಬಹುದು ಅನ್ನುವ ಸಂಶಯವನ್ನು ಮೇಡಂ ತಮ್ಮ ಪ್ರಬಂಧದಲ್ಲಿ ತಾವೇ ಬರೆದರು. ಗಡುವಿಗೆ ನಾಲ್ಕು ದಿನ ಮುಂಚೆ ಒಪ್ಪಿಸಿದರು, ಮುಂದಿನ ವರ್ಷ ಡಿಗ್ರಿ ಬಂತು. ಆ ಸಂಶಯ ಮಾತ್ರ ಹಾಗೇ ಉಳಿದಿತ್ತು.

ನಾಲ್ಕೈದು ವರ್ಷದ ಮೇಲೆ ಆ ರಸ್ತೆಯನ್ನು ಅಗಲ ಮಾಡಿದರು. ಬೇರೆ ಊರಿನ ಒಬ್ಬಳು ಹುಡುಗಿ, ಇದೇ ಲೈಕೆನ್ ಓದುವವಳು, ಪ್ರಬಂಧದಲ್ಲಿದ್ದ ಗುರುತು ಹಿಡಿದು ಮೈಲಿಕಲ್ಲಿನಿಂದ ಹೆಜ್ಜೆ ಎಣಿಸಿಕೊಂಡು ಹೋದಳಂತೆ. ತಿರುವಿನಲ್ಲಿ ಮರ ಇರಲಿಲ್ಲ, ಬುಡ ಮಾತ್ರ ಇತ್ತು. ಅಲ್ಲಿಂದ ನೇರ ಒಳಕ್ಕೆ, ತೋಟ ದಾಟಿ, ಯಾರೂ ಗಿಡ ನೆಡದ ಕಾಡಿನೊಳಗೆ ಅರ್ಧ ಮೈಲಿ ಹೋದಾಗ ಎರಡು ಹಳೇ ನೇರಳೆ ಸಿಕ್ಕಿದವು, ಎರಡರ ಮೇಲೂ ಅಂಚಿಗೆ ರೆಪ್ಪೆಗೂದಲಿದ್ದ ಬೂದು ಚಕ್ಕೆ. ಒಂದು ಬುಧವಾರ ಮಧ್ಯಾಹ್ನ ಅವಳು ಕೊಡಿಗೇಹಳ್ಳಿಗೆ ಬಂದು, ವಿಳಾಸ ಕೇಳಿಕೊಂಡು ನಮ್ಮ ಮಹಡಿ ಹತ್ತಿದಳು. ಮೇಡಂ ಅವಳ ಚಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದರು, ಕ್ಷಾರದ ಹನಿ ಮುಟ್ಟಿಸಿದರು, ನಿಧಾನವಾಗಿ ಅದರ ಹೆಸರು ಹೇಳಿದರು. ನನ್ನ ಹೆಂಡತಿ ಕೆಳಗಿನಿಂದ ನಾಲ್ಕು ತಟ್ಟೆ ಉಪ್ಪಿಟ್ಟು ತಂದಳು.